ತಪ್ಪು ಬಚ್ಚಲೊಂದರದ್ದೇ ಅಲ್ಲ: ಪದೇ ಪದೇ ಬೀಳುತ್ತಿದ್ದ ಹಿರಿಯರೊಬ್ಬರ ಪ್ರಕರಣ ಅಧ್ಯಯನ

ಹಿನ್ನೆಲೆ

ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ತೊಗರಿ ಬೆಳೆಯುವ 74 ವರ್ಷದ ರೈತರು. ಮನೆಯಲ್ಲೂ ಓಣಿಯಲ್ಲೂ ಎಲ್ಲರಿಗೂ ‘ಮುತ್ಯಾ’, ಅಂದರೆ ಅಜ್ಜ. ಇಲ್ಲಿಯೂ ಹಾಗೆಯೇ ಕರೆಯೋಣ. ಗುರುತು ಸಿಗದಂತೆ ಊರು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಅವರಿಗೆ ಓದು ಬಾರದ ಕಾರಣ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಮನೆಯವರೂ ಅಲ್ಲದ ಈ ಅಧ್ಯಯನದ ತಂಡದವರೂ ಅಲ್ಲದ ಸಾಕ್ಷಿಯೊಬ್ಬರ ಎದುರು ಹೆಬ್ಬೆಟ್ಟು ಪಡೆಯಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿ ಕೇಳುವುದೂ ಇದನ್ನೇ. ಮಗನ ಸಹಿ ಇದ್ದರೆ ಸಾಕು ಎಂಬ ರೂಢಿ ನಮ್ಮಲ್ಲಿದೆ, ಸಾಲದು. ಬುದ್ಧಿ ನೆಟ್ಟಗಿರುವ ಹಿರಿಯರ ಪರವಾಗಿ ಮಗ ಒಪ್ಪಿಗೆ ಕೊಡಲು ಬರುವುದಿಲ್ಲ.

ಮನೆಯಲ್ಲಿ ಹೆಂಡತಿ, ಸೊಸೆ, ಒಂಬತ್ತನೇ ತರಗತಿಯ ಮೊಮ್ಮಗಳು. ಮಗ ಹೈದರಾಬಾದಿನಲ್ಲಿ ದುಡಿಯುತ್ತಾರೆ. ಹಳೆಯ ಕಲ್ಲಿನ ಮನೆ, ನೆಲಕ್ಕೆ ಶಹಾಬಾದ್ ಪರ್ಸಿ, ಶೌಚಾಲಯ ಅಂಗಳದ ಆಚೆ ಮೂಲೆಯಲ್ಲಿ. ಮುತ್ಯಾಗೆ ಬಿಪಿ, ಶುಗರ್, ಪ್ರಾಸ್ಟೇಟ್ ತೊಂದರೆ, ಎರಡೂ ಕಣ್ಣಿಗೆ ಪೊರೆ, ಮೊಣಕಾಲು ಸವೆತ. ಜನವರಿಯಲ್ಲಿ ಒಂದು ನಸುಕಿನಲ್ಲಿ ಬಚ್ಚಲಲ್ಲಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿದ ಕಡೆ ಕೈಯನ್ನು ಚೆನ್ನಾಗಿ ನೋಡಿಕೊಂಡರು. ಯಾಕೆ ಬಿದ್ದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಸಿದ್ಧವಿತ್ತು: “ಬಚ್ಚಲದಾಗ ಕಾಲ ಜಾರ್ತು, ಅಷ್ಟೇ ನೋಡ್ರಿ.”

ಮೊದಲು ಆದದ್ದು

ಮಗ ಊರಿಗೆ ಬಂದವರೇ ಬಚ್ಚಲಿನ ಪರ್ಸಿಯ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದರು. ಹೊಳಪಿನ ಸೆರಾಮಿಕ್ ಟೈಲ್ ಮೇಲೆ ಸೋಪಿನ ನೀರು ಬಿದ್ದರೆ ಒರಟು ಪರ್ಸಿಗಿಂತ ಹೆಚ್ಚು ಜಾರುತ್ತದೆ. ಅಂದರೆ ಅಪಾಯ ತಪ್ಪಿಸಲು ಸುರಿದ ದುಡ್ಡಿನಿಂದ ಅಪಾಯ ಬೆಳೆಯಿತು. ಬಚ್ಚಲಿಗೆ ಹಾಕುವುದಾದರೆ ಮ್ಯಾಟ್ ಮೇಲ್ಮೈಯ, ಜಾರದ ಟೈಲ್ ಎಂದೇ ಕೇಳಿ ತರಬೇಕು. ಪರ್ಸಿ ಹಾಗೇ ಇದ್ದರೆ ಉಳಿಯಿಂದ ಅಡ್ಡಗೆರೆ ಹೊಡೆಸಿದರೂ ನಡೆಯುತ್ತದೆ, ಖರ್ಚೂ ಕಡಿಮೆ.

ಹಿಡಿಕಟ್ಟಿನ ಕಂಬಿಯ ಕಥೆ ಬೇರೆ. ಪೇಟೆಯ ಸ್ಟೀಲ್ ಕಂಬಿಯನ್ನು ಪ್ಲಾಸ್ಟಿಕ್ ಗುಟ್ಟಕ್ಕೆ ಸ್ಕ್ರೂ ತಿರುಗಿಸಿ ಗೋಡೆಗೆ ಕೂರಿಸಿದ್ದರು. ಈ ಭಾಗದ ಹಳೆ ಮನೆಗಳ ಗೋಡೆ ಮಣ್ಣಿನ ಗಾರೆಯದು. ಡ್ರಿಲ್ ಕಲ್ಲಿಗೆ ತಗಲದೆ ಸಂದಿಗೆ ಬಿದ್ದರೆ ಸ್ಕ್ರೂಗೆ ಹಿಡಿತವೇ ಇರುವುದಿಲ್ಲ. ಸೊಸೆ ಬಟ್ಟೆ ಹಿಂಡಿ ನೇತುಹಾಕಿದ ಭಾರಕ್ಕೇ ಕಂಬಿ ಕಿತ್ತು ಬಂತು. ಮುತ್ಯಾ ಹಿಡಿದಾಗ ಬರಲಿಲ್ಲವಲ್ಲ ಎಂಬುದೇ ಪುಣ್ಯ. ಆಮೇಲೆ ಮಾಡಿಸಿದ್ದು ಹೀಗೆ: ಒಂದು ಇಂಚಿನ ಜಿಐ ಪೈಪ್ ಅನ್ನು ತಲೆಕೆಳಗಾದ ‘ಯು’ ಆಕಾರಕ್ಕೆ ಬಗ್ಗಿಸಿ, ಎರಡೂ ಕಾಲುಗಳನ್ನು ನೆಲದಲ್ಲಿ ಒಂದಡಿ ಆಳಕ್ಕೆ ಕಾಂಕ್ರೀಟ್‌ನಲ್ಲಿ ಹೂಳಿದರು. ಒಂದು ಇಂಚಿನದು ಎಂದು ಮಾರುವ ಪೈಪಿನ ಹೊರ ಅಳತೆ ಸುಮಾರು 34 ಮಿ.ಮೀ.; ಮುದುಕರ ಮುಷ್ಟಿಗೆ ಸರಿಯಾದ ದಪ್ಪ. ಒಂದೂಕಾಲು ಇಂಚಿನದು 42 ಮಿ.ಮೀ. ಆಗುತ್ತದೆ, ಮುರಿದು ಕೂಡಿದ ಕೈಗೆ ಹಿಡಿತ ಸಿಗುವುದಿಲ್ಲ. ಒಂದು ವಾರ ನೀರು ಹಾಕಿ ಕ್ಯೂರಿಂಗ್ ಮಾಡಿ, ದೊಡ್ಡವರೊಬ್ಬರು ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿದ ಮೇಲಷ್ಟೇ ಮುತ್ಯಾಗೆ ಹಿಡಿಯಲು ಹೇಳಿದ್ದು.

ಇದೆಲ್ಲ ವ್ಯರ್ಥವೇನಲ್ಲ. ಮನೆಯ ಅಪಾಯಗಳನ್ನು ಕಡಿಮೆ ಮಾಡಿದರೆ ಬೀಳುವುದು ಸುಮಾರು ಶೇ 26ರಷ್ಟು, ಈಗಾಗಲೇ ಬಿದ್ದವರಂಥ ಹೆಚ್ಚು ಅಪಾಯದವರಲ್ಲಿ ಶೇ 38ರಷ್ಟು ತಗ್ಗುತ್ತದೆ ಎಂದು, ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2023ರ ಕಾಕ್ರೇನ್ ಸಮೀಕ್ಷೆ ಹೇಳುತ್ತದೆ. ಆದರೆ ಮುತ್ಯಾ ಬೀಳುವುದು ನಿಲ್ಲಲಿಲ್ಲ.

ಇನ್ನೆರಡು ಸಲಹೆಗಳು ಅದೇ ಹೊತ್ತಿಗೆ ಬಂದಿದ್ದವು. ಒಂದು, ದಿನಾ ಮೂರು ಕಿಲೋಮೀಟರ್ ಚುರುಕಾಗಿ ನಡೆಯಿರಿ ಎಂಬುದು. ಕೇಳಲು ಚೆನ್ನ. ಆದರೆ ಕೈಮೂಳೆ ಮುರಿದುಕೊಂಡಿದ್ದ ಮಹಿಳೆಯರಿಗೆ ಚುರುಕು ನಡಿಗೆ ಹೇಳಿಕೊಟ್ಟ 1997ರ ಬ್ರಿಟನ್ ಪ್ರಯೋಗದಲ್ಲಿ ನಡಿಗೆಯ ಗುಂಪಿನವರೇ ಹೆಚ್ಚು ಬಿದ್ದರು. ಸಮತೋಲ ಇಲ್ಲದವರಿಗೆ ನಡಿಗೆಯೊಂದನ್ನೇ ಹೇಳುವುದೆಂದರೆ ಬೀಳುವ ಸಂದರ್ಭಗಳನ್ನು ಹೆಚ್ಚಿಸಿಕೊಟ್ಟಂತೆ. ಎರಡನೆಯದು, ಆರು ಲಕ್ಷ ಯೂನಿಟ್‌ನ ವಿಟಮಿನ್ ಡಿ ಇಂಜೆಕ್ಷನ್. ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಬಾಯಿಯ ಮೂಲಕ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ (2010) ಬೀಳುವುದು ಶೇ 15, ಮೂಳೆ ಮುರಿತ ಶೇ 26 ಹೆಚ್ಚಾಯಿತು. ಕೊರತೆ ಇದ್ದರೆ ಸಣ್ಣ ಪ್ರಮಾಣದಲ್ಲಿ ದಿನವೂ ಕೊಡಬಹುದು. ಒಮ್ಮೆಗೇ ಸುರಿಯುವುದು ಬೇಡ ಎಂದು ತಡೆಯಲಾಯಿತು. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದಿರುವುದರಿಂದ ಮೂಳೆ ಸವೆತಕ್ಕೆ ಬೇರೆಯೇ ಚಿಕಿತ್ಸೆ ಶುರುವಾಯಿತು.

ಲೆಕ್ಕ ಇಡುವುದು

ಕಳೆದ ವರ್ಷ ಎಷ್ಟು ಸಲ ಬಿದ್ದಿರಿ ಎಂದರೆ ಮುತ್ಯಾ ಎರಡು ಅಂದರು. ಹೆಂಡತಿ ಐದು ಅಂದರು. ಇದು ಸುಳ್ಳಲ್ಲ, ಮರೆವು. ಜೊತೆಗೆ ಸ್ವಲ್ಪ ಮರ್ಯಾದೆಯ ಪ್ರಶ್ನೆ. ಬಿದ್ದದ್ದು ಖಚಿತವಾಗಿದ್ದ ಹಿರಿಯರಲ್ಲೇ ಶೇ 13ರಿಂದ 32ರಷ್ಟು ಜನಕ್ಕೆ ತಿಂಗಳುಗಳ ನಂತರ ಅದು ನೆನಪಿರಲಿಲ್ಲ ಎಂದು 1988ರಷ್ಟು ಹಿಂದೆಯೇ ತೋರಿಸಿದ್ದಾರೆ. ಅದಕ್ಕೇ ಈ ವಿಷಯದ ಪ್ರಯೋಗಗಳು ನೆನಪನ್ನು ನಂಬುವುದಿಲ್ಲ. ಪ್ರತಿದಿನ ಗುರುತು ಹಾಕಿಸಿ, ಕನಿಷ್ಠ ತಿಂಗಳಿಗೊಮ್ಮೆ ಸಂಗ್ರಹಿಸಬೇಕು ಎಂದು ಯುರೋಪಿನ ಪ್ರೊಫೇನ್ ತಜ್ಞರ ಕೂಟ 2005ರಲ್ಲಿ ಒಮ್ಮತಕ್ಕೆ ಬಂತು. ಅಂದುಕೊಳ್ಳದೆ ನೆಲಕ್ಕೋ ಕೆಳಗಿನ ಮಟ್ಟಕ್ಕೋ ಬಂದುಬಿಟ್ಟರೆ ಅದು ಬಿದ್ದಂತೆಯೇ, ಪೆಟ್ಟಾಗಿರಬೇಕೆಂದಿಲ್ಲ. ಹಾಗಾಗಿ ಕಟ್ಟೆಯಿಂದ ಏಳಹೋಗಿ ಕುಸಿದು ಕುಳಿತದ್ದೂ ಲೆಕ್ಕಕ್ಕೆ ಬರುತ್ತದೆ.

ಪ್ರಯೋಗಗಳಲ್ಲಿ ಬಳಸುವ ಈ ಕ್ಯಾಲೆಂಡರಿಗೆ ಇಲ್ಲಿ ಐದು ಅಂಕಣ ಸೇರಿಸಲಾಯಿತು: ಎಷ್ಟು ಗಂಟೆಗೆ, ಎಲ್ಲಿ, ಏನು ಮಾಡುವಾಗ, ಕೊನೆಯ ಗುಳಿಗೆ ಯಾವಾಗ, ಕೊನೆಯ ಊಟ ಯಾವಾಗ. ಬರೆಯುವ ಹೊಣೆ ಮೊಮ್ಮಗಳದು. ಬಿದ್ದ ಸುದ್ದಿ ಬಂದರೆ ಆಶಾ ಕಾರ್ಯಕರ್ತೆ ಎರಡು ದಿನದೊಳಗೆ ಬಂದು ವಿಚಾರಿಸಬೇಕು ಎಂದಾಯಿತು. ಏಪ್ರಿಲ್‌ನಿಂದ ಆರು ವಾರ, ಬೇರೇನನ್ನೂ ಬದಲಿಸದೆ, ಬರೆದದ್ದು ಇಷ್ಟು:

ಸೋಮವಾರ, ಬೆಳಿಗ್ಗೆ 11.15. ಬೇವಿನ ಕಟ್ಟೆಯಿಂದ ಎದ್ದಾಗ ಕುಸಿದರು.
ಗುರುವಾರ, ರಾತ್ರಿ 3. ಹೊರಸಿನಿಂದ ಎದ್ದು ಶೌಚಾಲಯಕ್ಕೆ ಹೊರಟಾಗ.
ಭಾನುವಾರ, ನಸುಕು 4.30. ಅದೇ ದಾರಿ.
ಸೋಮವಾರ, ಮಧ್ಯಾಹ್ನ 12. ಗುಡಿಯ ಹಾದಿಯಲ್ಲಿ.

ಬಚ್ಚಲು ಒಂದರಲ್ಲೂ ಇಲ್ಲ. ಎರಡು ರಾತ್ರಿಯವು, ಎರಡು ಸೋಮವಾರದವು. ಪ್ರಕರಣ ತಿರುಗಿದ್ದು ಈ ನಾಲ್ಕು ಸಾಲಿನಿಂದ. ಗಂಟೆಯ ಅಂಕಣ ಇಲ್ಲದಿದ್ದರೆ ‘ಆರು ವಾರದಲ್ಲಿ ನಾಲ್ಕು ಸಲ’ ಎಂಬ ಸಂಖ್ಯೆಯಷ್ಟೇ ಸಿಗುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ.

ಗುಳಿಗೆ ಚೀಲ

ಮನೆಯಲ್ಲಿರುವ ಎಲ್ಲ ಗುಳಿಗೆ ತನ್ನಿ ಎಂದಾಗ ಸೊಸೆ ಒಂದು ಬಟ್ಟೆಯ ಚೀಲ ತಂದು ಚಾಪೆಯ ಮೇಲೆ ಸುರಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಆಮ್ಲೋಡಿಪಿನ್ 5 ಮಿ.ಗ್ರಾಂ. ಕಲಬುರಗಿಯ ಖಾಸಗಿ ಡಾಕ್ಟರು ಬರೆದ, ಟೆಲ್ಮಿಸಾರ್ಟನ್ 40ರ ಜೊತೆ ಆಮ್ಲೋಡಿಪಿನ್ 5 ಸೇರಿರುವ ಇನ್ನೊಂದು ಬಿಪಿ ಗುಳಿಗೆ. ಕಂಪನಿಯ ಹೆಸರು ದೊಡ್ಡದಾಗಿ, ಒಳಗಿನ ಔಷಧದ ಹೆಸರು ಇರುವೆ ಗಾತ್ರದಲ್ಲಿ ಅಚ್ಚಾಗಿದ್ದರಿಂದ ಒಂದೇ ಔಷಧ ಎರಡು ಸಲ ಹೋಗುತ್ತಿರುವುದು ಎರಡೂ ಕಡೆಯವರಿಗೆ ಕಂಡಿರಲಿಲ್ಲ. ಶುಗರಿಗೆ ಮೆಟ್‌ಫಾರ್ಮಿನ್ 500, ಎರಡು ಹೊತ್ತು. ಶುಗರಿಗೇ ಇನ್ನೊಂದು, ಗ್ಲಿಮಿಪಿರೈಡ್ 2, ಬೆಳಿಗ್ಗೆ. ಪ್ರಾಸ್ಟೇಟಿಗೆ ಟಾಮ್ಸುಲೋಸಿನ್ 0.4, ರಾತ್ರಿ ಮಲಗುವಾಗ. ಕೊನೆಗೆ, ಅರ್ಧ ಖಾಲಿಯಾದ ಆಲ್ಪ್ರಜೋಲಾಮ್ 0.5ರ ಸ್ಟ್ರಿಪ್. ಅದು ಯಾರ ಚೀಟಿಯಲ್ಲೂ ಇರಲಿಲ್ಲ. ನಿದ್ದೆ ಬರುತ್ತಿಲ್ಲ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದದ್ದು, ಮೂರು ವರ್ಷದಿಂದ ನಡೆದಿತ್ತು.

ಇಲ್ಲಿ ಕೇಳುವ ಕ್ರಮ ಮುಖ್ಯ. ‘ಏನೇನು ಔಷಧ ತಗೋತೀರಿ’ ಎಂದರೆ ಬಿಪಿದು, ಶುಗರಿಂದು ಎಂದಷ್ಟೇ ಉತ್ತರ ಬರುತ್ತದೆ. ಚೀಲ ಸುರಿಸಿ, ಒಂದೊಂದನ್ನೂ ಎತ್ತಿ ‘ಇದು ಯಾವಾಗ, ಊಟದ ಮುಂಚೆಯೋ ಆಮೇಲೋ, ನಿನ್ನೆ ತಗೊಂಡ್ರಾ’ ಎಂದು ಕೇಳಬೇಕು. ಹಾಗೆ ಕೇಳಿದಾಗ ಸೋಮವಾರದ ಗಂಟು ಬಿಚ್ಚಿತು. ಮುತ್ಯಾ ಸೋಮವಾರ ಒಪ್ಪತ್ತು. ಬೆಳಿಗ್ಗೆ ಚಹಾ ಬಿಟ್ಟರೆ ಸಂಜೆ ಪೂಜೆಯಾಗುವವರೆಗೆ ಏನೂ ಇಲ್ಲ. ಗುಳಿಗೆ? “ಗುಳಿಗಿ ತಪ್ಪಸಬ್ಯಾಡ ಅಂದಾರ ಡಾಕ್ಟರ್. ಒಂದಿನಾನೂ ತಪ್ಪಸಿಲ್ಲ.” ಖಾಲಿ ಹೊಟ್ಟೆಯ ಮೇಲೆ ಗ್ಲಿಮಿಪಿರೈಡ್. ಮುಂದಿನ ಸೋಮವಾರ 11 ಗಂಟೆಗೆ ಆಶಾ ಕಾರ್ಯಕರ್ತೆ ಗ್ಲೂಕೋಮೀಟರ್ ಹಚ್ಚಿ ನೋಡಿದಾಗ 58 ಬಂತು. 70ಕ್ಕಿಂತ ಕೆಳಗಿಳಿದರೇ ಅಪಾಯ. ತಕ್ಷಣ ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಲಾಯಿತು.

ರಾತ್ರಿಯ ಕಾರಣ ಇಷ್ಟು ಸುಲಭವಾಗಿ ಸಿಗಲಿಲ್ಲ. ನಿಂತಾಗ ಬಿಪಿ ಇಳಿಯುತ್ತದೆಯೇ ಎಂದು ಶಿಬಿರದಲ್ಲಿ ಮಧ್ಯಾಹ್ನ ಒಮ್ಮೆ ನೋಡಿದ್ದರು: ಮಲಗಿದಾಗ 140/80, ನಿಂತಾಗ 130/78. ಇಳಿತ ಹತ್ತೇ, ‘ತೊಂದರೆ ಇಲ್ಲ’ ಎಂದು ಬರೆದಿದ್ದರು. ಆದರೆ ಬೀಳುತ್ತಿದ್ದುದು ಮಧ್ಯಾಹ್ನವಲ್ಲ, ನಸುಕಿನಲ್ಲಿ. ನಿಂತಾಗಿನ ಇಳಿತ ಬೆಳಗಿನ ಜಾವ ಹೆಚ್ಚಿರುತ್ತದೆ. ಇವರ ವಿಷಯದಲ್ಲಿ ನಿಂತಾಗಿನ ಬಿಪಿ ಇಳಿಸಬಲ್ಲ ಟಾಮ್ಸುಲೋಸಿನ್ ಮತ್ತು ನಿದ್ದೆ ಗುಳಿಗೆ ಒಡಲಲ್ಲಿ ಇರುವುದೂ ಆಗಲೇ. ಹಾಗಾಗಿ ಬೆಳಿಗ್ಗೆ 5.45ಕ್ಕೆ, ಗುಳಿಗೆಗೂ ಚಹಾಗೂ ಮುಂಚೆ, ಅವರದೇ ಹೊರಸಿನ ಮೇಲೆ ಮತ್ತೆ ಅಳೆಯಲಾಯಿತು. ಐದು ನಿಮಿಷ ಸುಮ್ಮನೆ ಮಲಗಿಸಿ ಮೊದಲ ಅಳತೆ: 142/80. ಪಟ್ಟಿ ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, ತೋಳನ್ನು ಎದೆಯ ಮಟ್ಟಕ್ಕೆ ಆನಿಸಿ, ಒಂದು ನಿಮಿಷಕ್ಕೆ 110/68, ಮೂರು ನಿಮಿಷಕ್ಕೆ 114/70. “ಕಣ್ಣಿಗಿ ಕತ್ತಲ ಬಂದಂಗಾತು, ಚಕ್ಕರ್ ಬರ್ತದ” ಎಂದು ಗೋಡೆ ಹಿಡಿದರು. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗಿನ ರಕ್ತದೊತ್ತಡ ಕುಸಿತ. ಇಲ್ಲಿ ಇಳಿದದ್ದು 32. ಅಳೆಯುವಾಗ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಪರೀಕ್ಷೆಯಲ್ಲೇ ಬಿದ್ದರೆ ಅದೂ ಒಂದು ಬೀಳುವಿಕೆಯೇ.

ಬೇಸಿಗೆಯ ಪಾಲೂ ಇತ್ತು. ಮೇ ತಿಂಗಳ ಕಲಬುರಗಿಯ ಸೆಕೆಗೆ ದಿನವಿಡೀ ಬೆವರು, ಜೊತೆಗೆ ರಾತ್ರಿ ಏಳಬೇಕಾಗುತ್ತದೆಂದು ಮುತ್ಯಾ ಸಂಜೆ ನಾಲ್ಕರ ಮೇಲೆ ನೀರನ್ನೇ ಬಿಟ್ಟಿದ್ದರು. ಒಣಗಿದ ಮೈಯಲ್ಲಿ ನಿಂತಾಗಿನ ಇಳಿತ ಇನ್ನೂ ಜೋರಾಗುತ್ತದೆ. ನೀರು ಕಡಿಮೆ ಮಾಡುವ ಬದಲು ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಹೆಚ್ಚು ಕುಡಿಸಿ, ಮಲಗುವ ಎರಡು ತಾಸು ಮುಂಚೆ ಮಾತ್ರ ನಿಲ್ಲಿಸಲು ಹೇಳಲಾಯಿತು.

ಯಾವುದು ಮೊದಲು

ಕಾರಣಗಳು ಸಿಕ್ಕಿದ ಮೇಲೆ ಎಲ್ಲವನ್ನೂ ಒಂದೇ ದಿನ ಬದಲಿಸುವ ಆತುರ ಬರುತ್ತದೆ. ಹಾಗೆ ಮಾಡಿದರೆ ಬಿಪಿ ಏರಿದಾಗಲೋ ನಿದ್ದೆ ಕೆಟ್ಟಾಗಲೋ ಯಾವುದರಿಂದ ಎಂದು ತಿಳಿಯುವುದಿಲ್ಲ, ಮನೆಯವರು ಗಾಬರಿಯಾಗಿ ಎಲ್ಲವನ್ನೂ ಮತ್ತೆ ಶುರು ಮಾಡುತ್ತಾರೆ. ವ್ಯಾಯಾಮದಿಂದಲೇ ಆರಂಭಿಸೋಣ ಎಂಬ ವಾದವೂ ತಂಡದಲ್ಲಿತ್ತು. ಆದರೆ ಎರಡನೇ ಪಾಠದಲ್ಲೇ ಕುರ್ಚಿಯಿಂದ ಎದ್ದ ಮುತ್ಯಾಗೆ ತಲೆ ಸುತ್ತಿತು. ನಿಂತರೆ ಬಿಪಿ ಕುಸಿಯುವವರಿಗೆ ಎದ್ದು ಕೂತು ಮಾಡಿಸುವುದು ಸರಿಯಲ್ಲ. ಅದನ್ನು ನಿಲ್ಲಿಸಿ ಗುಳಿಗೆಗೆ ಕೈ ಹಾಕಲಾಯಿತು.

ಎರಡು ಸಲ ಹೊಟ್ಟೆಗೆ ಹೋಗುತ್ತಿದ್ದ ಆಮ್ಲೋಡಿಪಿನ್‌ನಲ್ಲಿ ಒಂದನ್ನು ಅಂದೇ ನಿಲ್ಲಿಸಿದರು. ಇದರಲ್ಲಿ ಚರ್ಚೆಗೆ ಏನೂ ಇರಲಿಲ್ಲ. ತೊಡಕಾದದ್ದು ಯಾರು ನಿಲ್ಲಿಸಬೇಕು ಎಂಬಲ್ಲಿ: ಕೇಂದ್ರದ ವೈದ್ಯಾಧಿಕಾರಿಗೆ ಖಾಸಗಿ ಡಾಕ್ಟರ ಗುಳಿಗೆ ಮುಟ್ಟಲು ಸಂಕೋಚ, ಅವರಿಗೆ ಇವರದನ್ನು. ಇಬ್ಬರೂ ಫೋನಿನಲ್ಲಿ ಮಾತಾಡಿ ಖಾಸಗಿಯವರ ಜೋಡಿ ಗುಳಿಗೆ ಉಳಿಯಲಿ ಎಂದರು. ಅಂದಿನಿಂದ ಒಂದೇ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ. ಯಾವ ಡಾಕ್ಟರಾದರೂ ಅದರಲ್ಲೇ ಬರೆಯಬೇಕು.

ಗ್ಲಿಮಿಪಿರೈಡ್ ನಂತರದ್ದು. ಸೋಮವಾರ ಮಾತ್ರ ಬಿಡಿ ಎನ್ನಬಹುದಿತ್ತು. ಆದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.3 ಇತ್ತು, ಅಂದರೆ ಈ ವಯಸ್ಸಿಗೆ ಬೇಕಾದ್ದಕ್ಕಿಂತ ಬಿಗಿ. ಹಿರಿಯರಿಗೆ ಕೊಡದಿದ್ದರೆ ಒಳ್ಳೆಯದು ಎನ್ನುವ ಅಮೆರಿಕದ ಬೀರ್ಸ್ ಪಟ್ಟಿಗೆ ಗ್ಲಿಮಿಪಿರೈಡ್ 2019ರಲ್ಲಿ ಸೇರಿದೆ. ಪೂರ್ತಿ ನಿಲ್ಲಿಸಲಾಯಿತು. ಮೂರು ತಿಂಗಳ ನಂತರ 7.1; ಯಾರಿಗೂ ಚಿಂತೆಯಾಗಲಿಲ್ಲ, ಒಪ್ಪತ್ತೂ ಬಿಡಬೇಕಾಗಲಿಲ್ಲ. ಉಪವಾಸ ಬಿಡಿ ಎಂದು ಹೇಳಿದ್ದರೆ ಗುಟ್ಟಾಗಿ ಮುಂದುವರಿಯುತ್ತಿತ್ತು, ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಟಾಮ್ಸುಲೋಸಿನ್ ನಿಲ್ಲಿಸಿದರೆ ರಾತ್ರಿ ಏಳುವುದು ಹೆಚ್ಚುತ್ತದೆ, ಹಾಗಾಗಿ ಉಳಿಯಿತು. ಆದರೆ ಏಳಕ್ಕೆ ಊಟ ಮಾಡಿ ಹತ್ತಕ್ಕೆ ಗುಳಿಗೆ ನುಂಗುತ್ತಿದ್ದರು. ಹೊಟ್ಟೆ ಖಾಲಿಯಿದ್ದರೆ ಅದು ರಕ್ತದಲ್ಲಿ ಜೋರಾಗಿ ಏರುತ್ತದೆ. ಊಟವಾಗಿ ಅರ್ಧ ಗಂಟೆಗೆ ಎಂದು ಬದಲಾಯಿಸಿದ್ದಷ್ಟೇ.

ಆಲ್ಪ್ರಜೋಲಾಮ್ ಕೊನೆಗೆ. ಒಮ್ಮೆಗೇ ಬಿಡಿಸಿದರೆ ನಿದ್ದೆ ಹಾರಿ, ಕೈ ನಡುಗಿ, ಕೆಲವರಿಗೆ ಫಿಟ್ಸ್ ಬರುವುದೂ ಉಂಟು. 0.25ರ ಗುಳಿಗೆ ತಂದು, ಒಂದೂವರೆ, ಒಂದು, ಅರ್ಧ ಎಂದು ಎರಡೆರಡು ವಾರಕ್ಕೊಮ್ಮೆ ಇಳಿಸಿ ನಿಲ್ಲಿಸಿದರು. ನ್ಯೂಜಿಲೆಂಡಿನ 1999ರ ಪ್ರಯೋಗದಲ್ಲಿ ಇಂಥ ಗುಳಿಗೆ ನಿಧಾನವಾಗಿ ಬಿಡಿಸಿದವರಲ್ಲಿ ಬೀಳುವುದು ಶೇ 66 ತಗ್ಗಿತ್ತು. ಅದೇ ವರದಿಯ ಇನ್ನೊಂದು ಸಾಲನ್ನು ಹೆಚ್ಚಿನವರು ಓದುವುದಿಲ್ಲ: ಪ್ರಯೋಗ ಮುಗಿದ ಒಂದೇ ತಿಂಗಳಲ್ಲಿ, ಬಿಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮತ್ತೆ ಶುರು ಮಾಡಿದ್ದರು.

ಕಾಲಿಗೆ ಬಲ

ಮೂರು ವಾರಕ್ಕೆ ನಸುಕಿನ ಇಳಿತ 14ಕ್ಕೆ ಬಂತು. ಆಗ ವ್ಯಾಯಾಮ ಮತ್ತೆ ಆರಂಭ. ಹೊರಡುವಾಗಿನ ಅಳತೆ: ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು 19 ಸೆಕೆಂಡು, 12 ದಾಟಿದರೆ ಎಚ್ಚರವಿರಬೇಕು. ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ ಎಂದರೆ ಸೊನ್ನೆ. ಈ ವಯಸ್ಸಿನ ಗಂಡಸರಿಗೆ 12 ಆಗಬೇಕು. ಒಂದು ಪಾದದ ಮುಂದೆ ಇನ್ನೊಂದು ತಾಗಿಸಿ 3 ಸೆಕೆಂಡು ನಿಂತರು, 10 ಬೇಕು. ಅಳೆಯುವಾಗಿನ ಒಂದು ಸಣ್ಣ ಅವಘಡ ಇಲ್ಲಿ ಸಾಮಾನ್ಯ: ಪ್ಲಾಸ್ಟಿಕ್ ಕುರ್ಚಿ ಪರ್ಸಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು.

ಆಯ್ದದ್ದು ನ್ಯೂಜಿಲೆಂಡಿನ ಒಟಾಗೊ ಕ್ರಮ. ಮನೆಯಲ್ಲೇ ಮಾಡುವಂಥದ್ದು, ನಾಲ್ಕು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಬೀಳುವುದು ಶೇ 35 ಇಳಿದಿತ್ತು. ವಾರಕ್ಕೆ ಮೂರು ದಿನ ಅರ್ಧ ಗಂಟೆ. ಕಣಕಾಲಿಗೆ ತೂಕ ಕಟ್ಟಿ ಮೊಣಕಾಲು ನೀಡುವುದು, ಹಿಂದಕ್ಕೆ ಮಡಿಸುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು. ಹಿಮ್ಮಡಿ ಎತ್ತಿ ನಿಲ್ಲುವುದು. ಅಡ್ಡ ನಡಿಗೆ, ಹಿಂದಕ್ಕೆ ನಡಿಗೆ, ಎಂಟರ ಆಕಾರದಲ್ಲಿ ತಿರುಗುವುದು. ತೂಕಕ್ಕೆ ಸೊಸೆ ಹಳೆ ಪ್ಯಾಂಟಿನ ಬಟ್ಟೆಯಲ್ಲಿ ಎರಡು ಚೀಲ ಹೊಲಿದು ಅರ್ಧರ್ಧ ಕಿಲೋ ಮರಳು ತುಂಬಿ ಲಾಡಿ ಹಚ್ಚಿದರು. ಒಂಟಿ ಹೊಲಿಗೆಯಿಂದ ಮರಳು ಸೋರಿತು; ಎರಡು ಪದರ ಬಟ್ಟೆ, ಜೋಡಿ ಹೊಲಿಗೆ ಹಾಕಿದ ಮೇಲೆ ಸರಿಹೋಯಿತು. ಹತ್ತು ಸಲ ಎತ್ತುವಷ್ಟರಲ್ಲಿ ಕಾಲು ಸೋತು ಬರುವ ತೂಕವೇ ಸರಿಯಾದ ತೂಕ. ಎರಡು ಸುತ್ತು ಆರಾಮಾಗಿ ಮುಗಿದರೆ ಕಾಲು ಕಿಲೋ ಏರಿಸಬೇಕು. ಇದನ್ನು ಮರೆತು ತಿಂಗಳುಗಟ್ಟಲೆ ಅದೇ ಅರ್ಧ ಕಿಲೋದಲ್ಲಿ ಆಡಿಸುವುದು ನಮ್ಮಲ್ಲಿ ಬಹಳ ಕಡೆ ಕಾಣುವ ತಪ್ಪು. ಫಲ ಬಾರದಿರುವುದಕ್ಕೆ ಅರ್ಧ ಕಾರಣ ಅದೇ. ಸಮತೋಲದ್ದೂ ಹಾಗೆ: ಅಡುಗೆ ಕಟ್ಟೆಯನ್ನು ಎರಡು ಕೈಯಿಂದ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು, ಆಮೇಲೆ ಬಿಟ್ಟು. ಫಿಸಿಯೊಥೆರಪಿಸ್ಟ್ “ಮುತ್ಯಾ, ಇನ್ನ ಕೈ ಬಿಡ್ರಿ, ನಾ ಹಿಂದ ನಿಂತೀನಿ” ಎನ್ನದೆ ಹೋಗಿದ್ದರೆ ಅವರು ಕೊನೆವರೆಗೂ ಕಟ್ಟೆ ಬಿಡುತ್ತಿರಲಿಲ್ಲ. ಪಾದ ಜೋಡಿಸಿ 10 ಸೆಕೆಂಡು ನಿಲ್ಲುವವರೆಗೆ ದೂರದ ನಡಿಗೆ ಬೇಡ ಎಂದಿತ್ತು.

ರಾತ್ರಿ ಮತ್ತು ಕಣ್ಣು

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದನ್ನು ಬಿಡಿಸುವ ಪ್ರಯತ್ನ ಮನೆಯವರದು. ಸೆಕೆಯಲ್ಲಿ ಒಳಗೆ ಮಲಗಿ ಎಂದರೆ ಯಾರೂ ಕೇಳುವುದಿಲ್ಲ. ಅಂಗಳದಲ್ಲಿ ಹೊರಸು ಹಾಕೋಣ ಎಂದಾಗ ಒಪ್ಪಿದರು. ಆದರೆ ಹಗ್ಗ ಜೋತು, ಕೂತರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತಿತ್ತು. ಹಗ್ಗ ಬಿಗಿದು, ಕಾಲಿನ ಕೆಳಗೆ ಗುಳಿಯಿರುವ ಕಲ್ಲು ಕೊಟ್ಟು ಕೂರುವ ಎತ್ತರ 45 ಸೆಂ.ಮೀ.ಗೆ ತಂದರು. ಬರೀ ಇಟ್ಟಿಗೆ ಇಟ್ಟರೆ ಹೊರಸು ಜಾರುತ್ತದೆ. ಮೂತ್ರದ ಡಬ್ಬಿಗೆ ಮೊದಲು ಸುತರಾಂ ಒಪ್ಪಲಿಲ್ಲ. ಹೊರಸಿನ ಬದಿಗೆ ಸೀರೆಯ ಮರೆ ಕಟ್ಟಿದ ಮೇಲೆ ಒಪ್ಪಿದರು. ಎದ್ದು ಕೂತು, ಹಿಮ್ಮಡಿ ಹತ್ತು ಸಲ ಮೇಲೆ ಕೆಳಗೆ ಮಾಡಿ, ಆಮೇಲೆ ನಿಲ್ಲುವುದು ಎಂದೂ ಕಲಿಸಲಾಯಿತು. ಅರ್ಧ ಅಡಿಯ ಹೊಸ್ತಿಲನ್ನು ತೆಗೆಯುವ ಮಾತೇ ಎತ್ತಲಿಲ್ಲ. ಪೂಜೆ ಮಾಡುವ ಹೊಸ್ತಿಲು. ಅಂಚಿಗೆ ದಪ್ಪ ಹಳದಿ ಆಯಿಲ್ ಪೇಂಟ್ ಸಾಕಾಯಿತು.

ಪೊರೆ ತೆಗೆಸಿದ್ದು ಆಗಸ್ಟ್‌ನಲ್ಲಿ, ಒಂದು ಕಣ್ಣಿಗೆ. ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆ ಬೇಗ ಮಾಡಿಸಿಕೊಂಡ 70 ದಾಟಿದ ಮಹಿಳೆಯರಲ್ಲಿ ಬೀಳುವುದು ಶೇ 34 ಕಡಿಮೆಯಾಗಿತ್ತು ಎಂದು 2005ರ ಬ್ರಿಟನ್ ಪ್ರಯೋಗ ಹೇಳುತ್ತದೆ. ಟಾಮ್ಸುಲೋಸಿನ್ ತೆಗೆದುಕೊಳ್ಳುವುದನ್ನು ಕಣ್ಣಿನ ಸರ್ಜನ್‌ಗೆ ಮೊದಲೇ ತಿಳಿಸಲಾಗಿತ್ತು. ಆ ಗುಳಿಗೆಯಿಂದ ಕಣ್ಣಿನ ಪಾಪೆಯ ಸುತ್ತಲ ಬಣ್ಣದ ಭಾಗ (ಐರಿಸ್) ಸಡಿಲಗೊಂಡು ಶಸ್ತ್ರಚಿಕಿತ್ಸೆಯಲ್ಲಿ ತೊಡಕಾಗಬಹುದು, ವಾರಗಳ ಹಿಂದೆ ಬಿಟ್ಟಿದ್ದರೂ ಹೇಳಲೇಬೇಕು. ಆದರೆ ಕನ್ನಡಕ ಬೈಫೋಕಲ್ ಬಂತು. ಕೆಳಗಿನ ಓದುವ ಗಾಜಿನಿಂದ ಮೆಟ್ಟಿಲು ಮಂಜಾಗಿ ಕಂಡು ಗುಡಿಯ ಕಟ್ಟೆಯಲ್ಲಿ ಒಮ್ಮೆ ಮುಗ್ಗರಿಸಿದರು. ಓದುವವರಲ್ಲವಾದ್ದರಿಂದ ದೂರದ ಗಾಜೊಂದೇ ಇರುವ ಕನ್ನಡಕ ಮಾಡಿಸಲಾಯಿತು.

ಆದದ್ದು

ಔಷಧ ಬದಲಿಸಿದ ಮೇಲಿನ ಹತ್ತು ತಿಂಗಳಲ್ಲಿ ಕ್ಯಾಲೆಂಡರಿನಲ್ಲಿ ಎರಡು ಬೀಳುವಿಕೆ, ಗಾಯವಿಲ್ಲ. ಒಂದು ಜುಲೈನಲ್ಲಿ, ರಾತ್ರಿ ಕರೆಂಟು ಹೋದಾಗ. ಇನ್ನೊಂದು ಎಳ್ಳಮಾವಾಸ್ಯೆಗೆ, ಹೊಲದಲ್ಲಿ ಚರಗ ಚೆಲ್ಲುತ್ತ ಹೋಗುವಾಗ ಎರೆಮಣ್ಣಿನ ಬಿರುಕಿಗೆ ಕಾಲು ಸಿಕ್ಕಿ. ಹಿಂದಿನ ವರ್ಷ ಅವರು ಹೊಲಕ್ಕೇ ಹೋಗಿರಲಿಲ್ಲ. ಮನೆಯವರು ಇನ್ನು ಹೊಲಕ್ಕೆ ಕಳಿಸುವುದಿಲ್ಲ ಎಂದರು, ತಂಡ ಒಪ್ಪಲಿಲ್ಲ. ಓಡಾಟ ಹೆಚ್ಚಿದವರ ಒಂದು ಬೀಳುವಿಕೆಯನ್ನು, ಹೊರಸು ಬಿಟ್ಟೇಳದವರ ಒಂದರ ಜೊತೆ ಸಮವಾಗಿ ತೂಗಲಾಗದು. ಕೋಲು ಹಿಡಿದು, ಹಿಂದೆ ಪಟ್ಟಿಯಿರುವ ಚಪ್ಪಲಿ ಹಾಕಿ ಹೋಗಲಿ ಎಂದಾಯಿತು. ಆರು ತಿಂಗಳಿಗೆ ನಡಿಗೆ ಪರೀಕ್ಷೆ 13 ಸೆಕೆಂಡು, ಕುರ್ಚಿಯಿಂದ ಏಳುವುದು 9, ಪಾದ ಜೋಡಿಸಿ ನಿಲ್ಲುವುದು 10. ಮೊದಲೆರಡು ಇನ್ನೂ ಗುರಿ ಮುಟ್ಟಿಲ್ಲ.

ಆರು ವಾರಕ್ಕೆ ನಾಲ್ಕರಿಂದ ಹತ್ತು ತಿಂಗಳಿಗೆ ಎರಡು ಎಂದರೆ ದೊಡ್ಡ ಇಳಿಕೆ. ಅದನ್ನು ಪೂರ್ತಿ ಚಿಕಿತ್ಸೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಜನ ಸಹಾಯಕ್ಕೆ ಬರುವುದು ತೀರಾ ಕೆಟ್ಟ ಹೊತ್ತಿನಲ್ಲಿ. ಏನೂ ಮಾಡದಿದ್ದರೂ ಆಮೇಲೆ ಒಂದಿಷ್ಟು ಇಳಿಯುತ್ತದೆ. ಬೇಸಿಗೆ ಮುಗಿದದ್ದೂ ನೆರವಾಗಿರಬಹುದು. ಅದಕ್ಕೇ ಹೋಲಿಕೆಯ ಗುಂಪಿರುವ ಪ್ರಯೋಗ ಬೇಕಾಗುವುದು. ಸೋಮವಾರದ 58 ಮತ್ತು ನಸುಕಿನ 32ರ ಇಳಿತ ಮಾತ್ರ ಅನುಮಾನಕ್ಕೆ ಎಡೆಯಿಲ್ಲದ ಕಾರಣಗಳು, ಅವೆರಡೂ ಹೋದ ಮೇಲೆ ಸೋಮವಾರವೂ ನಸುಕಿನಲ್ಲೂ ಬಿದ್ದಿಲ್ಲ.

ಹಲವು ಕಾರಣಗಳನ್ನು ಒಟ್ಟಿಗೆ ಹಿಡಿದ ಅಮೆರಿಕದ ಸ್ಟ್ರೈಡ್ ಪ್ರಯೋಗ (2020) 5,451 ಜನರಲ್ಲಿ ನಡೆದರೂ ಗಂಭೀರ ಗಾಯ ಶೇ 8 ಇಳಿದದ್ದಷ್ಟೇ, ಅದೂ ಆಕಸ್ಮಿಕವಲ್ಲ ಎನ್ನುವಷ್ಟು ಅಲ್ಲ. ಅಲ್ಲಿ ನರ್ಸ್‌ಗಳು ಯೋಜನೆ ಹಾಕಿಕೊಟ್ಟರು. ಕೈಗೂಡಿಸುವುದು ಬಹುಪಾಲು ಬೇರೆಯವರ ಪಾಲಿಗೆ ಬಿತ್ತು. ಈ ಪ್ರಕರಣದಲ್ಲಿ ಪ್ರತಿ ನಿರ್ಧಾರದ ಮುಂದೆ ಒಬ್ಬರ ಹೆಸರಿತ್ತು: ಕಂಬಿ ಮಗನದು, ಚೀಟಿ ವೈದ್ಯಾಧಿಕಾರಿಯದು, ಮರಳು ಚೀಲ ಸೊಸೆಯದು, ಕ್ಯಾಲೆಂಡರ್ ಮೊಮ್ಮಗಳದು. ಹೆಸರಿಲ್ಲದ ಒಂದೇ ಕೆಲಸ ಕೈ ತಪ್ಪಿತು. ಶೌಚಾಲಯದ ದಾರಿಗೆ ಬ್ಯಾಟರಿ ದೀಪ ಹಾಕಬೇಕು ಎಂದು ಎಲ್ಲರೂ ಒಪ್ಪಿದ್ದರು, ಯಾರೂ ಹಾಕಲಿಲ್ಲ. ಜುಲೈನಲ್ಲಿ ಬಿದ್ದದ್ದು ಆ ಕತ್ತಲಲ್ಲೇ.

ಏಳನೇ ತಿಂಗಳಲ್ಲಿ ತಮ್ಮ ತೀರಿಕೊಂಡಾಗ ಮುತ್ಯಾಗೆ ನಿದ್ದೆ ಹೋಯಿತು, ಅಂಗಡಿಯಿಂದ ಆಲ್ಪ್ರಜೋಲಾಮ್ ಮತ್ತೆ ಬಂತು. ಶೆಡ್ಯೂಲ್ ಎಚ್1ರ ಔಷಧ, ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟರು. ಗೊತ್ತಾದದ್ದು ಆಶಾ ಕಾರ್ಯಕರ್ತೆ ತಿಂಗಳ ಭೇಟಿಯಲ್ಲಿ ಗುಳಿಗೆ ಚೀಲವನ್ನು ಮತ್ತೆ ಸುರಿಸಿದ್ದರಿಂದ. ಬೈಯದೆ, ಅದೇ ಎರಡೆರಡು ವಾರದ ಲೆಕ್ಕದಲ್ಲಿ ಮತ್ತೆ ಇಳಿಸಲಾಗುತ್ತಿದೆ, ಸದ್ಯ 0.25ರ ಒಂದು ಗುಳಿಗೆಯಲ್ಲಿದ್ದಾರೆ. ಚೀಲ ಸುರಿಸುವುದು ಈಗ ತಿಂಗಳ ಭೇಟಿಯ ನಮೂನೆಯಲ್ಲಿ ಮೊದಲ ಸಾಲು.